ನಮ್ಮ ಅಯ್ಯನೋರು, ನಿಮ್ಮ ಅಯ್ಯನೋರು

ಹೋದ ವಾರ ಮಂಗಳವಾರ ಬೆಳಿಗ್ಗೆ ಕಾಲೇಜಿಗೆ ಹೊರಟಿದ್ದೆ. ಸ್ಕೂಟಿ ಸ್ಟಾರ್ಟ್ ಮಾಡಬೇಕು, ಅಷ್ಟರಲ್ಲಿ ಕೆಳಗಿನ ಮನೆಯ ಪಾರ್ವತಕ್ಕ ಗೇಟಿಗೆ ಕೈ ಅಡ್ಡ ಇಟ್ಟು ನಿಲ್ಲಿಸಿದರು.

"ರೀ ಮೇಡಂ, ಬರೋ ಸೋಮಾರ ನಿಮ್ಮ ಅಯ್ಯನೋರನ್ನ ನಮ್ಮನಿಗೆ ಕರ್ಕೊಂಡು ಬರ್ರಿ."

ನನ್ನ ಕೈಯಲ್ಲಿದ್ದ ಹೆಲ್ಮೆಟ್ ಜಾರಿ ಕಾಲ ಮೇಲೆ ಬಿತ್ತು.

ಪಾರ್ವತಕ್ಕ ನಮ್ಮ ಮನೆ ಓನರ್. ಕೆಳಗೆ ಅವರು, ಮೇಲೆ ನಾವು. ಗಂಡನದು ಕಂಪ್ಲಿಯಲ್ಲಿ ರೈಸ್ ಮಿಲ್. ಆತ ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುವುದು. ಶೈವರು, ದೈವಭಕ್ತರು. ಶ್ರಾವಣದ ಪ್ರತಿ ಸೋಮವಾರ ಇವರ ಮನೆಗೆ ಅಯ್ಯನವರು ಬರಬೇಕು, ಪಾದ ತೊಳೆಯಬೇಕು, ಹೋಳಿಗೆ ಊಟ ಬಡಿಸಬೇಕು. ಆಮೇಲೇ ಮನೆಯವರ ಊಟ. ಈ ಸಲ ಎಡವಟ್ಟಾಗಿತ್ತು.

"ನಮ್ಮ ಅಯ್ಯನೋರು ಬಚ್ಚಲದಾಗ ಜಾರಿ ಬಿದ್ದು ಕಾಲಿಗೆ ಪಟ್ಟಿ ಹಾಕಿಸ್ಕೊಂಡಾರ. ಶ್ರಾವಣದಾಗ ಬ್ಯಾರೆ ಅಯ್ಯನೋರು ಎಲ್ಲಿ ಸಿಗ್ತಾರ್ರಿ? ಎಲ್ಲಾರೂ ಬುಕ್ ಆಗ್ಯಾರ. ನಿಮ್ಮೋರು ತಿಂಗ್ಳಾ ತಿಂಗ್ಳಾ ಬರ್ತಾರಲ್ಲ, ಭಾಳ ಶಾಂತ ಮಂದಿ. ಒಂದ್ ಮಾತು ಕೇಳಿ ನೋಡ್ರಿ."

"ಕೇಳ್ತೀನಿ ಅಕ್ಕಾ" ಅಂದೆ. ಅಂದು, ಓಡಿದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಅಯ್ಯನವರು ಮಠದವರಲ್ಲ. ಚರ್ಚಿನ ಪಾಸ್ಟರ್.

ನಮ್ಮ ಮನೆಯಲ್ಲಿ ಪಾಸ್ಟರನ್ನು ಮೊದಲಿನಿಂದಲೂ 'ಅಯ್ಯನವರು' ಅಂತಲೇ ಕರೆಯುವುದು. ಅಜ್ಜಿ ಹಾಗೆ ಕರೆದಳು, ಅಮ್ಮ ಹಾಗೆ ಕರೆದಳು, ನಾನೂ ಹಾಗೆ ಕರೆಯುತ್ತೇನೆ. ಪಾರ್ವತಕ್ಕನ ಮನೆಯಲ್ಲಿ ಪೂಜೆಗೆ ಬರುವ ಜಂಗಮರೂ ಅಯ್ಯನವರೇ. ಪದ ಒಂದೇ, ಮನೆ ಎರಡು. ಆ ಪದದ ಮರೆಯಲ್ಲಿ ನಾನು ಮೂರು ವರ್ಷ ಆರಾಮಾಗಿ ಬಾಡಿಗೆಗಿದ್ದೆ.

(ಹೌದು, ನಾನು ಕ್ರಿಶ್ಚಿಯನ್. ಈ ಅಂಕಣದಲ್ಲಿ ಕಾಲುವೆ ನೀರಿನ ಬಗ್ಗೆ ಬರೆದಿದ್ದೇನೆ, ಅದಿರು ಲಾರಿಯ ಧೂಳಿನ ಬಗ್ಗೆ ಬರೆದಿದ್ದೇನೆ, ಒಗ್ಗರಣೆ ಮಂಡಕ್ಕಿಯ ಬಗ್ಗೆ ಎರಡು ಸಲ ಬರೆದಿದ್ದೇನೆ. ಇದನ್ನು ಮಾತ್ರ ಬರೆದಿರಲಿಲ್ಲ. ನಿಜ ಹೇಳಿ, ಇಷ್ಟು ದಿನ ನನ್ನನ್ನು ಯಾರ ಪೈಕಿ ಅಂದುಕೊಂಡಿದ್ದಿರಿ?)

'ಯಾರ ಪೈಕಿ?' ನಮ್ಮ ಕಡೆ ಜಾತಿ ಕೇಳುವ ಮರ್ಯಾದಸ್ಥ ರೀತಿ ಇದು. ಬಸ್ಸಿನಲ್ಲಿ ಪಕ್ಕ ಕುಳಿತವರು ಕೇಳುತ್ತಾರೆ, ಮದುವೆಮನೆಯಲ್ಲಿ ಕೇಳುತ್ತಾರೆ, ಬಾಡಿಗೆ ಮನೆ ತೋರಿಸುವವರು ಕೇಳಿಯೇ ಕೇಳುತ್ತಾರೆ. ನಾನು ಹುಟ್ಟಿ ಬೆಳೆದದ್ದು ಇದೇ ಹೊಸಪೇಟೆಯ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ. ಅಪ್ಪ ಕಾಲುವೆ ಆಫೀಸಿನಲ್ಲಿದ್ದರು. ನನ್ನ ಹೆಸರು ಸುಜಾತಾ, ಗಂಡನ ಹೆಸರು ಪ್ರಕಾಶ್. ಎರಡೂ ಹೆಸರು ಏನನ್ನೂ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಕಾಲೇಜು ದಿನಗಳಿಂದ ನನ್ನ ಬಳಿ ಒಂದು ಸಿದ್ಧ ಉತ್ತರವಿದೆ: "ನಾವು ಡ್ಯಾಂ ಪೈಕಿ ರೀ!" ಕೇಳಿದವರು ನಗುತ್ತಾರೆ. ನಗುವಿನಲ್ಲಿ ಪ್ರಶ್ನೆ ಮರೆತುಹೋಗುತ್ತದೆ.

ಮೂರು ವರ್ಷದ ಹಿಂದೆ ನಾಲ್ಕು ಮನೆಗಳಲ್ಲಿ ಈ ಉತ್ತರ ನಡೆಯಲಿಲ್ಲ. ನಗದ ಓನರ್‌ಗಳು ಅವರು. ಐದನೆಯ ಮನೆ ಪಾರ್ವತಕ್ಕನದು. ಆಕೆ ನಕ್ಕರು. ನಕ್ಕ ಧೈರ್ಯಕ್ಕೆ ನಾನು ಇನ್ನೊಂದು ಮಾತು ಸೇರಿಸಿದೆ: "ತಿಂಗ್ಳಿಗೊಮ್ಮೆ ನಮ್ಮ ಅಯ್ಯನೋರು ಬಂದು ಪ್ರಾರ್ಥನಿ ಮಾಡಿ ಹೋಗ್ತಾರ ಅಕ್ಕಾ. ನಿಮಗೇನು ತೊಂದ್ರಿ ಇಲ್ಲಲ್ರಿ?"

ಆಕೆಯ ಮುಖ ಅರಳಿತು. "ಅಯ್ಯನೋರು ಬರೋ ಮನಿ ಅಂದ್ರ ಇನ್ನೇನು ಬೇಕ್ರಿ?"

ನಾನು ಹೇಳಿದ್ದು ಹೀಗೆ ಅಂತ ನನ್ನ ನೆನಪು. ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ. ಇತಿಹಾಸ ಪಾಠ ಮಾಡುವವಳು. ವರ್ಷಕ್ಕೊಮ್ಮೆ ಹುಡುಗಿಯರನ್ನು ಹಂಪಿಗೆ ಕರೆದೊಯ್ದು ಶಾಸನದ ಮುಂದೆ ನಿಲ್ಲಿಸಿ, "ಕಲ್ಲಿನ ಮೇಲಿದೆ ಅಂತ ನಂಬಬೇಡಿ. ಯಾರು ಬರೆಸಿದರು, ಯಾಕೆ ಬರೆಸಿದರು ಅಂತ ಮೊದಲು ಕೇಳಿ" ಅಂತ ಭಾಷಣ ಮಾಡುತ್ತೇನೆ. ಮಂಗಳವಾರ ಸಂಜೆ ಮನೆಗೆ ಬಂದವಳೇ ಹಳೆಯ ಡೈರಿ ತೆಗೆದೆ. ಆ ದಿನದ ಪುಟದಲ್ಲಿ ನಾಲ್ಕೇ ಸಾಲು:

"ಮನೆ ಸಿಕ್ಕಿತು. ಓನರ್ ಒಳ್ಳೆಯವರು. ಕೇಳಿದರು. ನಾನು ಸುಳ್ಳು ಹೇಳಲಿಲ್ಲ."

ಸುಳ್ಳು ಹೇಳದವರು ಯಾರಾದರೂ ಡೈರಿಯಲ್ಲಿ 'ಸುಳ್ಳು ಹೇಳಲಿಲ್ಲ' ಅಂತ ಬರೆದುಕೊಳ್ಳುತ್ತಾರೆಯೇ?

ಅಲ್ಲಿಂದ ಮುಂದೆ ಇಂಥ 'ಸುಳ್ಳಲ್ಲದ' ಮಾತುಗಳು ಬೆಳೆಯುತ್ತಾ ಹೋದವು. ಭಾನುವಾರ ಬೆಳಿಗ್ಗೆ ಎಲ್ಲಿಗೆ? "ಡ್ಯಾಮಿಗೆ, ಅಮ್ಮನ ಮನಿಗೆ." ನಿಜ. ಅಮ್ಮನ ಮನೆ ಅಲ್ಲೇ ಇದೆ. ಚರ್ಚೂ ಅಲ್ಲೇ ಇದೆ ಅನ್ನುವುದನ್ನು ಹೇಳಲಿಲ್ಲ, ಅಷ್ಟೇ. ಬೈಬಲ್ ಕಾಯಿಪಲ್ಯೆ ಚೀಲದಲ್ಲಿ. ಡಿಸೆಂಬರಿನ ನಕ್ಷತ್ರದ ದೀಪ ಬಾಲ್ಕನಿಯಲ್ಲಲ್ಲ, ಅಡುಗೆಮನೆಯಲ್ಲಿ, ಫ್ರಿಜ್ ಮೇಲೆ. ಅಯ್ಯನವರು ಬಂದಾಗ ಕಿಟಕಿ ಮುಚ್ಚಿ, ಫ್ಯಾನ್ ಐದಕ್ಕೆ ಇಟ್ಟು, ಮೆಲ್ಲಗೆ ಹಾಡು.

ಮೊದಲ ಕ್ರಿಸ್ಮಸ್‌ಗೆ ಕರ್ಚಿಕಾಯಿ, ಕೇಕಿನ ತಟ್ಟೆ ಹಿಡಿದು ಕೆಳಗಿಳಿದೆ. ಇಪ್ಪತ್ತೈದಕ್ಕೆ ಕೊಟ್ಟರೆ ಅನುಮಾನ ಬಂದೀತು ಅಂತ ಇಪ್ಪತ್ತಾರಕ್ಕೆ ಕೊಟ್ಟೆ. (ಇಂಥದ್ದರಲ್ಲೆಲ್ಲ ನನ್ನ ಬುದ್ಧಿ ಚೆನ್ನಾಗಿ ಓಡುತ್ತದೆ.)

"ಏನ್ರಿ ವಿಶೇಷ?"

"ಹುಟ್ಟಿದಬ್ಬ ಅಕ್ಕಾ."

"ಅಯ್ಯ, ನಿಮ್ದಾ? ನೂರು ವರ್ಷ ಬಾಳ್ರಿ!" ಅಂತ ಒಳಗೋಡಿ ಒಂದು ಬ್ಲೌಸ್ ಪೀಸ್ ತಂದು ಕೈಗಿಟ್ಟರು.

ಆಗ ಬಾಯಿ ಬಿಡಬಹುದಿತ್ತು. "ಥ್ಯಾಂಕ್ಸ್ ಅಕ್ಕಾ" ಅಂದೆ. ಮರುವರ್ಷ ಆಕೆಯೇ ನೆನಪಿಟ್ಟುಕೊಂಡು ಇಪ್ಪತ್ತಾರರ ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದರು. ಒಟ್ಟು ಮೂರು ಬ್ಲೌಸ್ ಪೀಸ್. ನನ್ನ ನಿಜವಾದ ಹುಟ್ಟುಹಬ್ಬ ಮಾರ್ಚಿನಲ್ಲಿ.

ಇಂಥ ನನಗೆ, ಕಳೆದ ತಿಂಗಳು ನಮ್ಮ ಅಯ್ಯನವರು ಚರ್ಚಿನ ಸಭೆಯಲ್ಲಿ ಒಂದು ಹೋಂವರ್ಕ್ ಕೊಟ್ಟಿದ್ದರು. ಪ್ರತಿಯೊಬ್ಬರೂ ಪಕ್ಕದ ಮನೆಯ ಒಬ್ಬರಿಗಾದರೂ ತಮ್ಮ ಸಾಕ್ಷಿ ಹೇಳಬೇಕು. ಸಾಕ್ಷಿ ಅಂದರೆ ಕೋರ್ಟಿನದಲ್ಲ. ದೇವರು ನಿಮ್ಮ ಬದುಕಿನಲ್ಲಿ ಏನು ಮಾಡಿದ ಅನ್ನುವುದನ್ನು ನಿಮ್ಮ ಬಾಯಿಂದ, ಮೂರು ನಿಮಿಷದಲ್ಲಿ. "ಅಂಜಬ್ಯಾಡ್ರಿ" ಅಂದರು ಅಯ್ಯನವರು. ಇಬ್ಬಿಬ್ಬರನ್ನು ಜೋಡಿ ಮಾಡಿ ಪ್ರಾಕ್ಟೀಸ್ ಕೂಡ ಮಾಡಿಸಿದರು. ಅಪ್ಪ ತೀರಿಕೊಂಡ ವರ್ಷ, ಒಂದು ಮುಂಜಾವು ಕಾಲುವೆ ಏರಿಯ ಮೇಲೆ ಕುಳಿತು ಅತ್ತು ಅತ್ತು ಪ್ರಾರ್ಥನೆ ಮಾಡಿದ್ದು, ಎದೆಯ ಮೇಲಿನ ಕಲ್ಲು ಇಳಿದದ್ದು, ಅದನ್ನು ಹೇಳಿದೆ. ನನ್ನ ಜೋಡಿಯಾಗಿದ್ದ ಸಭೆಯ ಹಿರಿಯಮ್ಮ ಒಬ್ಬರು ಕಣ್ಣೊರೆಸಿಕೊಂಡರು.

ಅವರು ಮೊದಲೇ ನಂಬಿದವರು. ಅವರ ಮುಂದೆ ಹೇಳುವುದರಲ್ಲಿ ಏನು ದೊಡ್ಡಸ್ತಿಕೆ? ಇನ್ನೊಂದು ಅನುಮಾನವೂ ಇದೆ. ಆ ಮುಂಜಾವು ನಿಜಕ್ಕೂ ಹಾಗೆಯೇ ಇತ್ತೇ? ಸಭೆಯಲ್ಲಿ ನಾಲ್ಕು ಸಲ ಹೇಳಿ ಹೇಳಿ ಹಾಗಾಯಿತೇ? ಕಲ್ಲು ಇಳಿದದ್ದು ಮಾತ್ರ ನಿಜ. ಅದನ್ನು ನಾನು ಈಗಲೂ ಅಳುಕಿಲ್ಲದೆ ಹೇಳಬಲ್ಲೆ. ಕಾಲುವೆ ಏರಿಯೋ, ಮನೆಯ ಹಿತ್ತಿಲೋ, ಖಾತ್ರಿಯಿಲ್ಲ.

ಹೋಂವರ್ಕ್ ಮಾಡದೆ ತಿಂಗಳು ಕಳೆದಿದ್ದೆ. ಈಗ ಪಾರ್ವತಕ್ಕ ತಾವೇ ಬಾಗಿಲು ಬಡಿದಿದ್ದರು.

ಬಡಿದಿದ್ದರೇ? ಅಥವಾ ಬಲೆ ಬೀಸಿದ್ದರೇ? ದಿನವಿಡೀ ಆಕೆಯ ಮುಖ ನೆನಪಿಸಿಕೊಂಡೆ. 'ಭಾಳ ಶಾಂತ ಮಂದಿ' ಅಂದಾಗ ನಕ್ಕರಲ್ಲ? ಬೆಳಿಗ್ಗೆ ಅದು ನಗು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನೆನೆದಾಗ ತುಟಿಯಂಚಿನ ನಗು. ಸಂಜೆಗೆ ಪೂರ್ತಿ ವ್ಯಂಗ್ಯ. ಒಂದೇ ಮುಖ, ಮೂರು ಸಲ ನೆನಪಿಸಿಕೊಂಡರೆ ಮೂರು ಥರ.

ಪ್ರಕಾಶ್‌ಗೆ ಸಂಡೂರು ಕಡೆ ಗಣಿ ಕಂಪನಿಯಲ್ಲಿ ಕೆಲಸ. ಅಲ್ಲಿನ ಯಶವಂತನಗರದಿಂದ ಕಂಪನಿ ಬಸ್ಸಿನಲ್ಲಿ ಬಂದು, ಅಂಗಿಯ ಕೆಂಪು ಧೂಳು ಬಾಲ್ಕನಿಯಲ್ಲಿ ಕೊಡವುತ್ತಾ ನನ್ನ ಕಥೆ ಕೇಳಿದರು.

"ಆಕೀಗೆ ಗೊತ್ತಾಗೇತಿ. ಅದಕ್ಕ ಟೆಸ್ಟ್ ಮಾಡಾಕತ್ತಾಳ."

"ಇರ್ಲಿಕ್ಕಿಲ್ಲ ರೀ."

"ಹಂಗಾರ ಅಯ್ಯನೋರು ಊರಾಗಿಲ್ಲ ಅನ್ನು. ಮುಗೀತು."

"ಮುಂದಿನ ಸೋಮವಾರ?"

"ಅವತ್ತೂ ಇಲ್ಲ ಅನ್ನು. ಶ್ರಾವಣ ಏನ್ ವರ್ಷಗಟ್ಲೆ ಇರ್ತೈತಾ?" ಅಂದವರು ಅಂಗಿ ಮಡಚುತ್ತಾ ದನಿ ತಗ್ಗಿಸಿದರು. "ನೋಡು ಸುಜಿ, ನಾಲ್ಕು ಮನಿ ಬಾಗ್ಲು ನೆನಪೈತಲ್ಲ? ಮತ್ತ ಅದೇ ಆಗಬ್ಯಾಡ."

ಪ್ರಕಾಶ್ ಹೇಡಿಯಲ್ಲ. ಆ ನಾಲ್ಕು ಮನೆಗಳಲ್ಲಿ, ನನ್ನ ಉತ್ತರಕ್ಕೆ ಓನರ್ ನಗದಿದ್ದಾಗ, ಮುಂದೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದ್ದು ಅವರೇ.

ಬುಧವಾರ ಅಯ್ಯನವರಿಗೆ ಫೋನ್ ಮಾಡಿದೆ. "ನಮ್ಮ ಓನರ್ ನಿಮ್ಮನ್ನ ಊಟಕ್ಕೆ ಕರೀತಾರ" ಅಂದೆ.

"ಭಾಳ ಸಂತೋಷ ಸಿಸ್ಟರ್! ಬಾಗ್ಲು ತೆರೀತು ನೋಡ್ರಿ!"

ಯಾಕೆ ಕರೆಯುತ್ತಾರೆ ಅಂತ ಪೂರ್ತಿ ಹೇಳಿದೆ. ಆ ಕಡೆ ಕುಕ್ಕರ್ ಎರಡು ಸಲ ಕೂಗಿತು.

"ಸಿಸ್ಟರ್, ಇದು ಟ್ರ್ಯಾಪ್ ಅಲ್ಲ ತಾನೆ?"

ನಗು ಬಂತು. 'ಅಂಜಬ್ಯಾಡ್ರಿ' ಅಂದವರೇ ಇವರು! ಆದರೆ ನಗಲಿಲ್ಲ. ಹೋದ ವರ್ಷ ಯಾವುದೋ ಹಳ್ಳಿಯಲ್ಲಿ ಸಭೆಯವರೇ ಒಬ್ಬರು ಮಗುವಿನ ಹುಟ್ಟುಹಬ್ಬಕ್ಕೆ ಇವರನ್ನು ಪ್ರಾರ್ಥನೆಗೆ ಕರೆದಿದ್ದರು. ಕೇಕ್ ಕತ್ತರಿಸುವ ಮೊದಲೇ ಬಾಗಿಲಲ್ಲಿ ನಾಲ್ಕು ಮೊಬೈಲ್ ಎದ್ದು ನಿಂತವು. "ಯಾರನ್ನ ಮತಾಂತರ ಮಾಡಾಕ ಬಂದಿ? ಹೇಳು, ಹೇಳು" ಅಂತ. ಆವತ್ತಿನಿಂದ ಮೊಬೈಲ್ ಎತ್ತಿದವರನ್ನು ಕಂಡರೆ ಅಯ್ಯನವರ ಕೈ ತಾನಾಗಿ ಮುಖದ ಮುಂದೆ ಬರುತ್ತದೆ. ಸೆಲ್ಫಿಗೂ ನಿಲ್ಲುವುದಿಲ್ಲ.

(ಅವರ ಅನುಮಾನ ಅವರಿಗೆ. ಎದುರಿನವರದೂ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಆಸ್ಪತ್ರೆಯಲ್ಲಿ ನರಳುವವರ ದಿಂಬಿನ ಪಕ್ಕ ಕರಪತ್ರ ಇಟ್ಟು ಬರುವವರನ್ನು ನಮ್ಮಲ್ಲೂ ನೋಡಿದ್ದೇನೆ. ನನಗದು ಸರಿ ಕಾಣುವುದಿಲ್ಲ.)

ಕೊನೆಗೆ ಅಯ್ಯನವರು ಅಂದರು: "ಸಿಸ್ಟರ್, ಅವ್ರು ಕರೆದಿದ್ದು ನನ್ನನ್ನಲ್ಲ. ಬ್ಯಾರೆ ಯಾರನ್ನೋ ಅನ್ಕೊಂಡು ಕರೆದಾರ. ನಾನು ಹೋಗಿ ಕಾಲು ತೊಳಿಸ್ಕೊಂಡ್ರ ಅದು ಮೋಸ. ಮೊದ್ಲು ನೀವು ಹೇಳ್ರಿ."

ಅವರು ಹೇಳಿದ್ದು ಸರಿ. ಅದೇ ನನಗೆ ಸಿಟ್ಟು ತರಿಸಿದ್ದು.

ಗುರುವಾರ ಹೇಳಲಿಲ್ಲ, ಪಾರ್ವತಕ್ಕನ ಮನೆಗೆ ನೆಂಟರು ಬಂದಿದ್ದರು. ಶುಕ್ರವಾರ ಹೇಳಲಿಲ್ಲ, ನೆಂಟರು ಇರಲಿಲ್ಲ. (ಕಾರಣ ಬೇಕಾದವರಿಗೆ ಕಾರಣಕ್ಕೇನು ಬರ?) ಶನಿವಾರ ಮಧ್ಯಾಹ್ನ ಆಕೆ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಸೋಮವಾರದ ಹೋಳಿಗೆಗೆ ಕಡಲೆಬೇಳೆ ಆರಿಸುತ್ತಿದ್ದರು. ನಾನೂ ಪಕ್ಕ ಕುಳಿತು ಒಂದು ಹಿಡಿ ಎಳೆದುಕೊಂಡು ಕಲ್ಲು ಹುಡುಕತೊಡಗಿದೆ.

"ಅಯ್ಯನೋರು ಏನಂದ್ರಿ?"

"ಅಕ್ಕಾ, ನಮ್ಮ ಅಯ್ಯನೋರು ಮಠದ ಅಯ್ಯನೋರಲ್ಲ."

"ಮತ್ತ? ಗುಡಿಯೋರಾ?"

"ಚರ್ಚಿನೋರು. ನಾವು ಕ್ರಿಶ್ಚಿಯನ್ರು ಅಕ್ಕಾ."

ಮೊರ ನಿಂತಿತು. ಆಕೆ ನನ್ನ ಮುಖ ನೋಡಲಿಲ್ಲ, ಹಣೆ ನೋಡಿದರು. ಕಾಲೇಜಿಗೆ ಹೋಗುವಾಗ ಅಂಟಿಸಿದ ಕರಿ ಸ್ಟಿಕರ್ ಇನ್ನೂ ಅಲ್ಲೇ ಇತ್ತು.

"ಕ್ರಿಶ್ಚಿಯನ್ರೂ ಅಯ್ಯನೋರು ಅಂತಾರೇನ್ರಿ?"

"ನಾವು ಅಂತೀವಿ ಅಕ್ಕಾ. ನಮ್ಮಜ್ಜಿ ಕಾಲದಿಂದ."

"ಅವ್ರ ಹಣಿ ಮ್ಯಾಲೆ ವಿಭೂತಿ ಇರ್ಲಿಲ್ಲ, ನಾನೂ ನೋಡೀನಿ. ಹೊಸಪೇಟಿ ಬಿಸ್ಲು, ಬೆವರಿಗೆ ಹೋಗಿರ್ಬೇಕು ಅನ್ಕೊಂಡೆ."

ನಗು ಉಕ್ಕಿ ಬಂತು. ನುಂಗಿದೆ.

"ಆದ್ರ ನೀವು ಅವತ್ತು 'ಪೂಜಾ ಮಾಡಿ ಹೋಗ್ತಾರ' ಅಂದ್ರಲ್ರಿ."

"ಪ್ರಾರ್ಥನಿ ಅಂದೆ ಅಕ್ಕಾ."

"ಇಲ್ರಿ. ಪೂಜಾ ಅಂದ್ರಿ. ನನಗ ಛಲೋ ನೆಪ್ಪೈತಿ. ಇಲ್ಲೇ, ಈ ಕಟ್ಟಿ ಮ್ಯಾಲೇ ನಿಂತು ಅಂದ್ರಿ."

ನನ್ನ ನೆನಪಿನಲ್ಲಿ ನಾವು ನಿಂತದ್ದು ಮೇಲೆ, ಖಾಲಿ ಹಾಲಿನಲ್ಲಿ. ಯಾರ ನೆನಪು ಸರಿ? ಮನೆ ಬೇಕಾಗಿತ್ತು ನನಗೆ, ಆಕೆಗಲ್ಲ. ಮಾತು ತಿರುಚಲು ಕಾರಣ ಇದ್ದದ್ದು ನನ್ನ ಕಡೆ. ಶಾಸನದ ಮುಂದೆ ನಿಂತ ಹುಡುಗಿಯರಿಗೆ ಕೇಳುವ ಪ್ರಶ್ನೆಯನ್ನೇ ನನಗೆ ಕೇಳಿಕೊಂಡರೆ ಉತ್ತರ ನನಗೆ ಅನುಕೂಲವಾಗಿಲ್ಲ.

ಪಾರ್ವತಕ್ಕ ಬೇಳೆಯಲ್ಲಿ ಕಲ್ಲು ಹುಡುಕಿದ ಹಾಗೆ ಮೂರು ವರ್ಷ ಹುಡುಕತೊಡಗಿದರು.

"ಮ್ಯಾಲೆ ಹಾಡು ಕೇಳ್ತಿತ್ತು. ಭಜನಿ ಅನ್ಕೊಂಡಿದ್ದೆ."

"ಅದೂ ಒಂಥರಾ ಭಜನೀನ ಅಕ್ಕಾ."

"ಐತವಾರ ತಾಯಿ ಮನಿ?"

"ತಾಯಿ ಮನಿಗೂ ಹೋಗ್ತಿದ್ವಿ."

"ಮತ್ತ ಆ ಹುಟ್ಟಿದಬ್ಬ?" ಅಂದವರೇ ಥಟ್ಟನೆ ತಲೆ ಎತ್ತಿದರು. "ಅದು ಯಾರ ಹುಟ್ಟಿದಬ್ಬ ರೀ?"

ನಾನು ಬೇಳೆಯತ್ತ ನೋಡಿಕೊಂಡೇ ಹೇಳಿದೆ.

"ಯೇಸುಸ್ವಾಮಿದು ಅಕ್ಕಾ."

"ಮೂರು ಬ್ಲೌಸ್ ಪೀಸು?"

"ನಾನ ಹೊಲಿಸ್ಕೊಂಡೆ."

"ಭಾಳ ಛಲೋ ಆತು. ಹುಟ್ಟಿದಬ್ಬ ಅವ್ರದು, ಬ್ಲೌಸು ನಿಮ್ದು."

ಆಕೆ ತಮಾಷೆ ಮಾಡುತ್ತಿರಲಿಲ್ಲ. ಅಥವಾ ಮಾಡುತ್ತಿದ್ದರೋ ಏನೋ, ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ. ಆಮೇಲೆ ದನಿ ಬದಲಾಯಿತು.

"ಮೂರು ವರ್ಷ ಬಾಯಿ ಬಿಡದೋರು ಈಗ್ಯಾಕ ಹೇಳಾಕತ್ತೀರಿ? ಹೋದ ವಾರ ಮೊಣಕಾಲು ನೋವು ಅಂದ್ರ, 'ಪ್ರಾರ್ಥನಿ ಮಾಡ್ತೀನಿ ಅಕ್ಕಾ' ಅಂದಿದ್ರಿ. ಈಗ ಇದು. ನನ್ನ ನಿಮ್ಮ ಕಡಿ ಎಳ್ಕೊಳಾಕ ಪ್ಲಾನ್ ಹಾಕೀರೇನು?"

"ಇಲ್ಲಕ್ಕಾ, ಆಣೆ ಮಾಡಿ ಹೇಳ್ತ..."

"ಆಣಿ ಯಾರ ಮ್ಯಾಲೆ ಮಾಡ್ತೀರಿ? ಅದನ್ನರ ಸರಿಯಾಗಿ ಹೇಳ್ರಿ ಈ ಸಲ."

ಆಕೆ ಒಂದು ಕಲ್ಲು ಆರಿಸಿ ಅಂಗಳಕ್ಕೆಸೆದರು.

"ಹೋಗ್ಲಿ. ಅಂಥಾದ್ದೇನೈತಿ ಅದ್ರಾಗ? ಹೇಳ್ರಿ, ಕೇಳೋಣು."

ಇದೇ, ಇದೇ ಆ ಮೂರು ನಿಮಿಷ! ತಿಂಗಳಿಂದ ಪ್ರಾಕ್ಟೀಸ್ ಮಾಡಿದ ಸಾಕ್ಷಿ. ಅಪ್ಪ, ಮುಂಜಾವು, ಕಾಲುವೆ ಏರಿ, ಎಲ್ಲ ತುದಿನಾಲಿಗೆಯಲ್ಲಿತ್ತು. ಆದರೆ ಆ ಕಟ್ಟೆಯ ಮೇಲೆ, ಆ ಹೆಣ್ಣುಮಗಳ ಮುಂದೆ, ಖಾತ್ರಿಯಿಲ್ಲದ ಕಾಲುವೆ ಏರಿಯನ್ನು ತರಲು ಮನಸ್ಸಾಗಲಿಲ್ಲ. ಅವತ್ತು ಬಾಯಿಗೆ ಬಂದದ್ದು ಒಂದೇ ಮಾತು.

"ನಾನು ಎಷ್ಟು ತಪ್ಪು ಮಾಡಿದ್ರೂ ದೇವ್ರು ನನ್ನ ಕೈ ಬಿಡಂಗಿಲ್ಲ ಅನ್ನೋ ನಂಬಿಕಿ ಅಕ್ಕಾ."

"ಓಹೋ! ಅದಕ್ಕ ಇಷ್ಟು ಧೈರ್ಯದ್ಲೆ ಸುಳ್ಳು ಹೇಳಿರಿ."

ಮೂವತ್ತು ವರ್ಷ ಉಪದೇಶ ಕೇಳಿದ್ದೇನೆ. ಒಂದೇ ಸಾಲಿನಲ್ಲಿ ಇಷ್ಟು ಆಳಕ್ಕೆ ಇಳಿದದ್ದು ಇಲ್ಲ.

ಆಕೆ ಅಲ್ಲಿಗೆ ಬಿಡಲಿಲ್ಲ. "ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ರ ಮೊದ್ಲ ಬಟ್ಟಲು ಕೆಳಗ ಬರ್ತೈತಿ. ನಿಮ್ಮನಿ ಅಡಿಗಿ ಎಲ್ಲಾ ನನಗ ಗೊತ್ತು. ಇದು ಅಷ್ಟು ಛಲೋದಾಗಿದ್ರ, ಇದನ್ಯಾಕ ಮುಚ್ಚಿಟ್ರಿ?"

"ಅಂಜಿಕಿ ಅಕ್ಕಾ."

"ಯಾರ ಅಂಜಿಕಿ?"

"ನಿಮ್ದ."

ಮೊರವನ್ನು ಪಕ್ಕಕ್ಕಿಟ್ಟರು. "ನನ್ದಾ? ನಾನೇನ್ ಹುಲಿಯೇನ್ರಿ? ನಿಮಗ ಡೆಂಗಿ ಬಂದಾಗ ಹತ್ತು ದಿನ ಗಂಜಿ ಹೊತ್ತು ಮ್ಯಾಲೆ ಹತ್ತಿದೆ. ಆವಾಗ್ಲೂ ನನಗ ಅಂಜಿಕೊಂಡು ಮಲಗಿದ್ರಿ?"

ಮಲಗಿದ್ದೆ. ಜ್ವರದಲ್ಲೂ ದಿಂಬಿನ ಕೆಳಗಿನ ಬೈಬಲನ್ನು ಹೊದಿಕೆಯೊಳಗೆ ತಳ್ಳಿದ್ದು ನೆನಪಿದೆ. ಇದಕ್ಕೆ ಡೈರಿ ಬೇಕಿಲ್ಲ.

ಇಷ್ಟು ದಿನ ನನ್ನ ಹೆದರಿಕೆಯನ್ನು ನನ್ನೊಬ್ಬಳದೇ ಸಂಕಟ ಅಂದುಕೊಂಡಿದ್ದೆ. ಅದು ಗಂಜಿ ತಂದ ಕೈಯ ಮೇಲಿನ ಅನುಮಾನವೂ ಆಗಿತ್ತು ಅಂತ ಹೊಳೆದಿರಲಿಲ್ಲ. ಆ ನಾಲ್ಕು ಮನೆಯವರು ಮಾಡಿದ್ದನ್ನೇ ಈಕೆಯೂ ಮಾಡುತ್ತಾರೆ ಅಂತ, ಕೇಳದೆಯೇ, ನಾನೇ ತೀರ್ಪು ಕೊಟ್ಟಿದ್ದೆ. 'ಯಾರ ಪೈಕಿ' ಅಂತ ಕೇಳಿ ಬಾಗಿಲು ಹಾಕಿದವರಿಗೂ ನನಗೂ ಏನು ವ್ಯತ್ಯಾಸ?

ಪಾರ್ವತಕ್ಕ ನಾನು ಆರಿಸಿಟ್ಟಿದ್ದ ಹಿಡಿ ಬೇಳೆಯನ್ನು ತಿರುಗಿ ಮೊರಕ್ಕೆ ಸುರಿದುಕೊಂಡು ಮೊದಲಿನಿಂದ ಆರಿಸತೊಡಗಿದರು. ನಾನು ಕಲ್ಲು ಬಿಟ್ಟಿದ್ದೆನೋ? ಅಥವಾ ನನ್ನ ಕೈ ಸೋಕಿದ್ದಕ್ಕೋ? ಕೇಳದೆಯೇ ಎದ್ದು ಮೇಲೆ ಬಂದೆ.

"ಹೇಳಿದ್ಯಾ?" ಅಂದರು ಪ್ರಕಾಶ್.

"ಹೇಳಿದೆ."

ಅವರು ಅಟ್ಟದ ಮೇಲಿದ್ದ ರಟ್ಟಿನ ಡಬ್ಬಿಗಳ ಕಡೆ ನೋಡಿದರು. ಮನೆ ಬದಲಿಸಿದಾಗಿನಿಂದ ಎಸೆಯದೇ ಇಟ್ಟುಕೊಂಡ ಡಬ್ಬಿಗಳು.

ಭಾನುವಾರ ಬೈಬಲನ್ನು ಕಾಯಿಪಲ್ಯೆ ಚೀಲಕ್ಕೆ ಹಾಕಲಿಲ್ಲ. ಕೈಯಲ್ಲಿ ಹಿಡಿದು, ಎದೆಯೆತ್ತಿ ಮೆಟ್ಟಿಲಿಳಿದೆ. ಕೆಳಗಿನ ಬಾಗಿಲು ಹಾಕಿತ್ತು. ಓಣಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಡ್ಯಾಮಿನ ಗೇಟು ತೆರೆದಿದ್ದಾರಂತೆ, ಊರೆಲ್ಲ ನೀರು ನೋಡಲು ಹೋಗಿತ್ತು. ನಾನು ಧೈರ್ಯ ತೋರಿಸಿದ ದಿನ ನೋಡುವವರೇ ಇರಲಿಲ್ಲ.

ಸೋಮವಾರ ಕಾಲೇಜಿಗೆ ರಜೆ ಹಾಕಿ ಮನೆಯಲ್ಲೇ ಇದ್ದೆ. ಹನ್ನೊಂದಕ್ಕೆ ಕೆಳಗೆ ಆಟೋ ನಿಂತಿತು. ಕಿಟಕಿಯಿಂದ ಇಣುಕಿದೆ. (ಕದ್ದು ನೋಡುವುದನ್ನು ಮೂರು ವರ್ಷದಲ್ಲಿ ಚೆನ್ನಾಗಿ ಕಲಿತಿದ್ದೇನೆ.) ಕಂಪ್ಲಿ ಕಡೆಯಿಂದ ಯಾರೋ ವಯಸ್ಸಾದ ಅಯ್ಯನವರು. ಹಣೆಯ ತುಂಬ ವಿಭೂತಿ, ಬೆವರಿಗೂ ಜಗ್ಗಿರಲಿಲ್ಲ. ಸಮಾಧಾನವಾಯಿತು. ಆಮೇಲೆ ಹೊಸ ಚಿಂತೆ. ಶ್ರಾವಣದ ಪ್ರತಿ ಸೋಮವಾರ ಮಧ್ಯಾಹ್ನ ಮೇಲೆ ಬರುವ ಹೋಳಿಗೆಯ ತಟ್ಟೆ ಇವತ್ತು ಬರುತ್ತದೆಯೇ? ಎರಡಾಯಿತು. ಮೂರಾಯಿತು. ಬರಲಿಲ್ಲ.

ಐದಕ್ಕೆ ಬಂತು. ಪಾರ್ವತಕ್ಕ ತಾವೇ ತಂದಿದ್ದರು. ಆದರೆ ಹೊಸ್ತಿಲು ದಾಟಲಿಲ್ಲ.

"ಇದು ದೇವರಿಗೆ ಎಡಿ ಹಿಡಿಯೋಕಿಂತ ಮುಂಚೆ ತಗದಿಟ್ಟಿದ್ದು. ನೀವು ಎಡಿ ಮಾಡಿದ್ದು ತಿಂತೀರೋ ಇಲ್ವೋ, ನನಗ ಗೊತ್ತಿಲ್ಲ."

ಇದು ಮರ್ಯಾದೆಯೋ, ದೂರ ಇಡುವುದೋ? ಎರಡು ದಿನದಿಂದ ಯೋಚಿಸುತ್ತಿದ್ದೇನೆ, ಬಗೆಹರಿದಿಲ್ಲ.

"ಇಷ್ಟು ದಿನ ಕೊಟ್ಟಿದ್ದು ಏನ್ ಮಾಡಿದ್ರಿ? ದನಕ್ಕ ಹಾಕಿದ್ರೇನು?"

"ತಿಂದೀವಿ ಅಕ್ಕಾ."

"ಖರೇನ?"

"ಖರೇ ಅಕ್ಕಾ. ಇವ್ರು ತಟ್ಟಿ ನೆಕ್ತಿದ್ರು."

ಇದು ಅಪ್ಪಟ ನಿಜ. ಆಕೆ ನನ್ನ ಮುಖವನ್ನು ಎರಡು ಸಲ ಓದಿದರು. ನಂಬಲಿಲ್ಲ. ನಂಬಿಸಲು ನನ್ನ ಬಳಿ ಏನೂ ಇರಲಿಲ್ಲ. ಮೂರು ವರ್ಷದ ಜಾಣ ಮಾತುಗಳು ಕೊನೆಗೆ ತಿಂದು ಹಾಕಿದ್ದು ನನ್ನ ನಿಜ ಮಾತಿನ ಬೆಲೆಯನ್ನೇ.

ಹೊರಟವರು ಮೆಟ್ಟಿಲ ಬಳಿ ನಿಂತರು. "ನಿಮ್ಮ ಅಯ್ಯನೋರು ಮತ್ತ ಯಾವಾಗ ಬರ್ತಾರ?"

ಬರಬೇಡಿ ಅನ್ನುತ್ತಾರೆ. ಡಬ್ಬಿ ಇಳಿಸುವ ಕಾಲ ಬಂತು.

"ಈ ಶುಕ್ರವಾರ ಸಂಜಿ ಅಕ್ಕಾ."

"ನಾನೂ ಬಂದು ಕುಂದ್ರತೀನಿ. ಕುಂದ್ರಬೌದಲ್ಲ?"

"ಬರ್ರಿ ಅಕ್ಕಾ!"

"ಹಿಗ್ಗಬ್ಯಾಡ್ರಿ. ನಂಬಾಕ ಬರಾಕತ್ತಿಲ್ಲ ನಾನು. ಅವ್ರು ಪೂಜಾ ಅಂತಾರೋ ಪ್ರಾರ್ಥನಿ ಅಂತಾರೋ, ನನ್ನ ಕಿವಿಲೆ ಕೇಳಾಕ ಬರ್ತೀನಿ."

ಆಕೆ ಇಳಿದುಹೋದರು. ನಾನು ತಟ್ಟೆ ಕೆಳಗಿಡದೆಯೇ ಅಯ್ಯನವರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡರು. ಆ ಕಡೆ ಮತ್ತೆ ಕುಕ್ಕರ್ ಕೂಗಿತು.

"ಸಿಸ್ಟರ್... ಅವ್ರು ಮೊಬೈಲ್ ತರ್ತಾರೇನ್ರಿ?"

"ತರ್ಲಿ ಬಿಡ್ರಿ ಅಯ್ಯನೋರ" ಅಂದೆ. "ಈ ಸಲ ಯಾರು ಏನಂದ್ರು ಅಂತ ರೆಕಾರ್ಡ್ ಇರ್ಲಿ."